ಡಂಪಿನ ಮೇಲೆ ಒಂದು ಗೇಣು ಮಣ್ಣು ಸಾಕೇ?

ಗಣಿ ಪ್ರದೇಶದಲ್ಲಿ ಮತ್ತೆ ಹಸಿರು ಬೆಳೆಸುವ ಕುರಿತ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಒಂದು ಸತ್ತ ಸಸಿಯಿಂದ ಮಾತು ಶುರುಮಾಡುತ್ತೇನೆ. ಸಂಡೂರಿನ ಕಡೆ ಕಬ್ಬಿಣದ ಅದಿರಿನ ಗಣಿಯ ಹಳೆಯ ಡಂಪ್ ಒಂದನ್ನು, ಅಂದರೆ ಗಣಿಯ ಬೇಡದ ಕಲ್ಲುಮಣ್ಣು ಸುರಿದ ದಿಬ್ಬವನ್ನು ಹತ್ತಿ, ಎರಡು ಮಳೆಗಾಲ ಚೆನ್ನಾಗಿ ಬೆಳೆದು ಮೂರನೇ ಬೇಸಿಗೆಯಲ್ಲಿ ಒಣಗಿದ ಹೊಂಗೆ ಗಿಡವನ್ನು ಹುಡುಕಿ. ಹಾರೆ ಹಾಕಿ ಕೀಳಬೇಡಿ. ಪಕ್ಕದಲ್ಲಿ ಗುಂಡಿ ತೋಡಿ, ಬೇರಿನ ಸುತ್ತಲ ಮಣ್ಣನ್ನು ಕೈಯಲ್ಲೇ ಬಿಡಿಸಿ. ಹೆಚ್ಚಾಗಿ ಕಾಣುವುದು ಇದು: ತಾಯಿಬೇರು ನೇರವಾಗಿ ಇಳಿದು, ಒಂದು ಗೇಣು ಆಳದ ಹತ್ತಿರ ಮೊಣಕೈ ಮಡಿಸಿದ ಹಾಗೆ ಪಕ್ಕಕ್ಕೆ ತಿರುಗಿರುತ್ತದೆ. ತಿರುವಿನ ಕೆಳಗೆ ಬಂಡೆ ಇದ್ದೀತು ಅಂದುಕೊಂಡು ಅಗೆದರೆ ಸಿಗುವುದು ಡಂಪಿನದೇ ಪುಡಿ ಮತ್ತು ಗರಸು. ಡೋಜರ್, ಟಿಪ್ಪರ್ ಓಡಾಡಿ ರಸ್ತೆಯ ಹಾಗೆ ಗಟ್ಟಿಯಾಗಿರುತ್ತದೆ.

ಕಡತದಲ್ಲಿ ‘30 ಸೆಂ.ಮೀ. ಮೇಲ್ಮಣ್ಣು ಹರಡಲಾಗಿದೆ’ ಅಂತ ಇರುತ್ತದೆ. ಅದು ಸುಳ್ಳೇನಲ್ಲ, ಹರಡಿರುತ್ತಾರೆ. ಬಿಲ್ಲಿಗೆ ನಾವು ಅಳೆಯುವುದು ಹರಡಿದ ಮಣ್ಣಿನ ದಪ್ಪ. ಗಿಡ ಅಳೆಯುವುದು ಬೇರು ಇಳಿಯುವ ಆಳ. ಈ ಎರಡರ ನಡುವಿನ ಅಂತರದಲ್ಲೇ ನಮ್ಮ ಸಸಿಗಳು ಸಾಯುತ್ತಿರುವುದು.

ಹಿನ್ನೆಲೆ ನಿಮಗೆಲ್ಲ ಗೊತ್ತಿರುವುದೇ. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿಯಲ್ಲಿ, ಆಮೇಲೆ ಚಿತ್ರದುರ್ಗ, ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅಕ್ರಮದ ಪ್ರಮಾಣ ನೋಡಿ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಗಣಿವಾರು ಪುನಶ್ಚೇತನ ಯೋಜನೆ ಇಲ್ಲದೆ ಕೆಲಸ ಶುರುವಾಗಕೂಡದು ಅಂದಿತು. ‘ಆರ್ ಅಂಡ್ ಆರ್ (ರೆಕ್ಲಮೇಶನ್ ಅಂಡ್ ರಿಹ್ಯಾಬಿಲಿಟೇಶನ್) ಪ್ಲಾನ್’ ಅನ್ನುವುದು ನಮ್ಮ ಆಡುಮಾತಿಗೆ ಬಂದದ್ದು ಹಾಗೆ. ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು, 2017ರ ಪ್ರಕಾರ ಮೇಲ್ಮಣ್ಣನ್ನು ಬೇರೆಯಾಗಿ ತೆಗೆಯಬೇಕು, ಕೂಡಲೇ ಬಳಸಲಾಗದಿದ್ದರೆ ಬೇರೆಯಾಗಿ ಕೂಡಿಡಬೇಕು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಷರತ್ತು ಸೇರಿಸಿತು: ಗಣಿ ಮುಗಿದ ಮೇಲೆ ಆ ಜಾಗದಲ್ಲಿ ಮೇವಿಗಾಗುವಂತೆ ಮತ್ತೆ ಹುಲ್ಲು ಬೆಳೆಸಿಕೊಡಬೇಕು. ಅಂದರೆ ಕಾನೂನಿನಲ್ಲಿ ಮಣ್ಣಿಗೆ ಜಾಗ ಇದೆ. ಸೈಟಿನಲ್ಲಿ ಏನಾಗುತ್ತದೆ ಅನ್ನುವುದನ್ನು ನೋಡೋಣ.

ಮೊದಲು ನೀರಿನ ಲೆಕ್ಕ. ಮರಳುಮಿಶ್ರಿತ ಗೋಡು ಮಣ್ಣು ಒಂದು ಮೀಟರ್ ಆಳದಲ್ಲಿ ಗಿಡಕ್ಕೆ ಸಿಗುವಂಥ ನೀರನ್ನು ಸುಮಾರು 120 ಮಿ.ಮೀ.ನಷ್ಟು ಹಿಡಿದಿಡುತ್ತದೆ ಅಂತಿಟ್ಟುಕೊಳ್ಳಿ. 30 ಸೆಂ.ಮೀ. ಮಣ್ಣಿಗೆ ಅದು 36 ಮಿ.ಮೀ. ಅದರಲ್ಲಿ ಗಾತ್ರದ ಲೆಕ್ಕದಲ್ಲಿ ನೂರಕ್ಕೆ 40 ಭಾಗ ಕಲ್ಲು. ಕಲ್ಲು ನೀರು ಹಿಡಿಯುವುದಿಲ್ಲ, ಹಾಗಾಗಿ ಉಳಿದದ್ದು ಸುಮಾರು 22 ಮಿ.ಮೀ. ಹುಲ್ಲು ಹಬ್ಬಿದ ನೆಲದಿಂದ ದಿನಕ್ಕೆ 4 ಮಿ.ಮೀ. ಹೋದರೂ ಐದಾರು ದಿನಕ್ಕೆ ಖಾಲಿ. ಎಳೆಯ ಸಸಿ ಅಷ್ಟೆಲ್ಲ ಕುಡಿಯುವುದಿಲ್ಲ ನಿಜ, ಆದರೆ ಸುತ್ತಲ ಹುಲ್ಲು ಕುಡಿಯುತ್ತದೆ, ಬಿಸಿಲು ಕುಡಿಯುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಬಳ್ಳಾರಿಯ ಸೀಮೆಯಲ್ಲಿ ಮಳೆ ನಂಬಿಕೊಂಡು ಕೂರುವ ಹಾಗಿಲ್ಲ. ಅದೇ ಕಲ್ಲುಮಿಶ್ರಿತ ಪದರ 1.2 ಮೀಟರ್ ಆಳಕ್ಕೆ ಸಡಿಲವಾಗಿದ್ದರೆ ಸಂಗ್ರಹ 86 ಮಿ.ಮೀ.ಗೆ ಏರುತ್ತದೆ. ಕೆಳಗಿನ ನೀರನ್ನು ಬಿಸಿಲು ಸುಲಭವಾಗಿ ಎಳೆಯುವುದೂ ಇಲ್ಲ, ಹುಲ್ಲಿನ ಬೇರು ಅಲ್ಲಿಗೆ ತಲುಪುವುದೂ ಕಡಿಮೆ. ಮರ ಬೇಸಿಗೆ ದಾಟುವುದು ಆ ಕೆಳಗಿನ ನೀರಿನಲ್ಲಿ.

ಹಾಗಾದರೆ ಎಷ್ಟು ಆಳ ಬೇಕು? ಹುಲ್ಲಿಗೆ 15ರಿಂದ 20 ಸೆಂ.ಮೀ. ಸಾಕು. ತಂಗಡಿಯಂಥ ಪೊದೆಗಳಿಗೆ ಒಂದು ಮೊಳ. ಮರಕ್ಕೆ ಒಂದು ಮೀಟರಿಗಿಂತ ಕಡಿಮೆ ಯೋಚಿಸಲೇಬೇಡಿ. ಆ ಮೀಟರ್ ಪೂರ್ತಿ ಮೇಲ್ಮಣ್ಣೇ ಆಗಬೇಕಿಲ್ಲ. ಮೇಲೆ 20–30 ಸೆಂ.ಮೀ. ಜೀವ ಇರುವ ಮಣ್ಣು, ಕೆಳಗೆ ಸಡಿಲವಾದ ಡಂಪಿನ ಸರಕು, ಎರಡೂ ಸೇರಿ ಒಂದು ಮೀಟರ್ ಆದರಾಯಿತು. ಅಮೆರಿಕದ ಅಪಲೇಚಿಯಾ ಕಲ್ಲಿದ್ದಲು ಸೀಮೆಯವರು ಈ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತರು. 1977ರ ಗಣಿ ಪುನಶ್ಚೇತನ ಕಾಯ್ದೆ ಬಂದ ಮೇಲೆ ಅಲ್ಲಿ ಇಳಿಜಾರು ಜರುಗಬಾರದು ಅಂತ ಡೋಜರ್ ಓಡಿಸಿ ನುಣ್ಣಗೆ, ಗಟ್ಟಿಯಾಗಿ ಕೂರಿಸಿದರು. ಹುಲ್ಲು ಬಂತು, ಮರ ಬರಲಿಲ್ಲ. ಆಮೇಲೆ ಅಲ್ಲಿನ ಅರಣ್ಯ ತಜ್ಞರು ಹೇಳಿದ್ದು ನಾಲ್ಕು ಅಡಿ ಆಳದ, ತುಳಿಯದ, ಸಡಿಲ ಪದರ ಬಿಡಿ ಎಂದು. ನಾಲ್ಕಡಿ ಅಂದರೆ ಅದೇ 1.2 ಮೀಟರ್.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಸ್ವಾಮಿ, ನಮ್ಮ ಗುಡ್ಡದ ಮೇಲೇ ಒಂದು ಗೇಣು ಮಣ್ಣಿದೆ, ಅಲ್ಲಿ ಕಮರ, ದಿಂಡಿಗ ಬೆಳೆದಿಲ್ಲವೇ? ಬೆಳೆದಿವೆ. ಗುಡ್ಡದ ಕಲ್ಲಿನಲ್ಲಿ ಬಿರುಕುಗಳಿವೆ. ಕಮರದ ಸಸಿ ಎಲೆ ಬಿಡುವ ಮೊದಲೇ ಬೇರನ್ನು ಆಳಕ್ಕೆ ಕಳಿಸುವ ಜಾತಿ. ಬಿರುಕು ಹಿಡಿದು ಇಳಿಯುತ್ತದೆ. ನಾವು ಕೂರಿಸಿದ ಡಂಪಿನಲ್ಲಿ ಬಿರುಕೂ ಇಲ್ಲ, ರಂಧ್ರವೂ ಇಲ್ಲ.

ಈಗ ಕಲ್ಲನ್ನು ಅಳೆಯುವ ಬಗೆ. ಇದಕ್ಕೆ ಪ್ರಯೋಗಾಲಯ ಬೇಡ. 10 ಲೀಟರಿನ ಬಕೆಟ್ಟಿಗೆ ಡಂಪಿನ ಸರಕನ್ನು ಕಂಠಮಟ್ಟ ತುಂಬಿ, 2 ಮಿ.ಮೀ. ಜರಡಿಯಲ್ಲಿ ಆಡಿಸಿ. ಜರಡಿಯ ಮೇಲೆ ಉಳಿದ ಕಲ್ಲನ್ನು ತೊಳೆದು ಅದೇ ಬಕೆಟ್ಟಿಗೆ ಹಾಕಿ, ಲೀಟರ್ ಪಾತ್ರೆಯಿಂದ ಎಣಿಸುತ್ತ ನೀರು ತುಂಬಿ. 6 ಲೀಟರ್ ನೀರು ಹಿಡಿದರೆ ಕಲ್ಲಿನ ಗಾತ್ರ 4 ಲೀಟರ್, ಅಂದರೆ ಶೇ 40. ತೂಕ ಮಾಡಿ ಲೆಕ್ಕ ಹಾಕಬೇಡಿ. ಸಾಮಾನ್ಯ ಮಣ್ಣಿನ ಕಣದ ಸಾಂದ್ರತೆ 2.65, ಹೆಮಟೈಟಿನದು 5ರ ಮೇಲೆ. ತೂಕದ ಲೆಕ್ಕದಲ್ಲಿ ಅದಿರಿನ ಕಲ್ಲು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇದೇ ಕಾರಣಕ್ಕೆ ಪಠ್ಯಪುಸ್ತಕದ ಇನ್ನೊಂದು ಅಂಕಿಯೂ ನಮ್ಮಲ್ಲಿ ಕೈಕೊಡುತ್ತದೆ. ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.6–1.8 ಗ್ರಾಂ ದಾಟಿದರೆ ಬೇರು ಇಳಿಯದು ಅನ್ನುತ್ತಾರೆ. ಕಬ್ಬಿಣದ ಪುಡಿ ತುಂಬಿದ ಸರಕು ಸಡಿಲವಾಗಿದ್ದಾಗಲೂ ಆ ಅಂಕಿ ತೋರಿಸಬಹುದು. ಡಂಪಿನ ಮೇಲೆ ನನ್ನ ನಂಬಿಕೆ ಸಾಂದ್ರತೆಯ ಅಂಕಿಗಿಂತ ಸಲಾಕೆಯ ಮೇಲೆ.

ಸಲಾಕೆ ಅಂದರೆ 12 ಮಿ.ಮೀ. ಕಬ್ಬಿಣದ ಸರಳು, 1.2 ಮೀಟರ್ ಉದ್ದ, ತುದಿ ಚೂಪು, ಮೇಲೆ ಅಡ್ಡಹಿಡಿ. ಪ್ರತಿ 10 ಸೆಂ.ಮೀ.ಗೆ ಗರಗಸದಿಂದ ಗೀರು ಹಾಕಿಸಿ. ಒಳ್ಳೆಯ ಮಳೆಯಾಗಿ ಎರಡು ದಿನ ಬಿಟ್ಟು, ಇಬ್ಬರು ಹೋಗಿ ಒಂದೇ ಸಮನಾದ ಒತ್ತಡದಲ್ಲಿ ಚುಚ್ಚಿ. ಒಣ ನೆಲದಲ್ಲಿ ಮಾಡಿದರೆ ಎಲ್ಲ ಜಾಗವೂ ಗಟ್ಟಿ ಅನಿಸುತ್ತದೆ. ಕಲ್ಲಿಗೆ ತಾಕಿದರೆ ‘ಟಣ್’ ಅನ್ನುತ್ತದೆ, ಕೈಗೆ ಝುಮ್ ಬರುತ್ತದೆ. ಅರ್ಧ ಮೀಟರ್ ಆಚೆ ಮತ್ತೆ ಚುಚ್ಚಿ. ಗಟ್ಟಿ ಪದರಕ್ಕೆ ತಾಕಿದರೆ ಸದ್ದೇ ಇಲ್ಲದೆ ಮಂದವಾಗಿ ನಿಲ್ಲುತ್ತದೆ. ಐದಾರು ಕಡೆ ಒಂದೇ ಆಳದಲ್ಲಿ ಮಂದವಾಗಿ ನಿಂತರೆ ಅದು ಡೋಜರಿನ ಹೆಜ್ಜೆ.

ಮಣ್ಣು ಬಿಗಿಯಾಗುವುದು ಹೇಗೆ? ಬಹುಪಾಲು ನಷ್ಟ ಯಂತ್ರ ಮೊದಲ ಎರಡು ಮೂರು ಸಲ ಹಾಯ್ದಾಗಲೇ ಆಗಿಹೋಗುತ್ತದೆ. ‘ಇನ್ನೊಂದೇ ಸಲ ಲೆವೆಲ್ ಮಾಡಿಬಿಡೋಣ ಸಾರ್’ ಅನ್ನುವ ಆಪರೇಟರ್ ಕೆಟ್ಟವನಲ್ಲ. ಅವನಿಗೆ ನುಣುಪು ಎಂದರೆ ಒಳ್ಳೆಯ ಕೆಲಸ ಅಂತ ನಾವೇ ಕಲಿಸಿದ್ದೇವೆ. ಇಲ್ಲಿ ಮಾತ್ರ ಉಬ್ಬುತಗ್ಗು ಬೇಕು. ಟಿಪ್ಪರ್ ಹಿಂದಕ್ಕೆ ಬಂದು ಸಾಲಾಗಿ ಗುಪ್ಪೆ ಸುರಿಯಲಿ, ಹಿಟಾಚಿ ಪಕ್ಕದಲ್ಲಿ ನಿಂತು ಬಕೆಟ್ಟಿನಿಂದ ಗುಪ್ಪೆಯ ನೆತ್ತಿ ಸವರಲಿ. ಹರಡಿದ ಜಾಗದ ಮೇಲೆ ಯಾವ ಗಾಲಿಯೂ ಮತ್ತೆ ಹತ್ತಬಾರದು.

ಈಗಾಗಲೇ ಬಿಗಿದ ಜಾಗವಿದ್ದರೆ ಡೋಜರಿನ ರಿಪ್ಪರ್ (ನೆಲ ಸೀಳುವ ಉಕ್ಕಿನ ಹಲ್ಲು) ಹಾಕಿ 60ರಿಂದ 100 ಸೆಂ.ಮೀ. ಆಳಕ್ಕೆ, ಮೀಟರಿನಿಂದ ಒಂದೂವರೆ ಮೀಟರ್ ಅಂತರಕ್ಕೆ ಸೀಳಬೇಕು, ಅದೂ ಸಮಪಾತಳಿಯ ಮೇಲೆ. ಇಳಿಜಾರಿನ ದಿಕ್ಕಿಗೆ ಸೀಳಿದರೆ ಪ್ರತಿ ಸಾಲೂ ಮೊದಲ ಮಳೆಗೆ ಕೊರಕಲಾಗುತ್ತದೆ. ಕಾಲ ಏಪ್ರಿಲ್–ಮೇ. ಒಣಗಿದ ಸರಕು ಸೀಳಿದಾಗ ಸಿಡಿದು ಒಡೆಯುತ್ತದೆ; ಹಸಿಯಲ್ಲಿ ಬೆಣ್ಣೆಗೆ ಚಾಕು ಹಾಕಿದ ಹಾಗೆ ಸೀಳಿ ಮತ್ತೆ ಕೂಡಿಕೊಳ್ಳುತ್ತದೆ. ಸೀಳುವ ಕೆಲಸ ಮೊದಲು, ಮೇಲ್ಮಣ್ಣು ಆಮೇಲೆ. ತಿರುಗಾಮುರುಗಾ ಮಾಡಿದರೆ ಇರುವಷ್ಟು ಒಳ್ಳೆಯ ಮಣ್ಣು ಕಲ್ಲಿನ ಸಂದಿಗೆ ಇಳಿದು ಕಳೆದುಹೋಗುತ್ತದೆ.

ಮೇಲ್ಮಣ್ಣಿನ ವಿಷಯಕ್ಕೆ ಬರೋಣ. ಸಂಡೂರಿನ ಬೆಟ್ಟಗಳಲ್ಲಿ ಅದು ಮೊದಲೇ ತೆಳು. ಎಷ್ಟೋ ಕಡೆ ಗರಸು ಸೇರಿಯೂ 10–30 ಸೆಂ.ಮೀ. ಹೊಸ ಬೆಂಚ್ (ಮೆಟ್ಟಿಲಿನಂಥ ಹಂತ) ತೆರೆಯುವಾಗ ಅದನ್ನು ಎರಡು ಬಾರಿಯಾಗಿ ಕೆತ್ತಬೇಕು. ಮೇಲಿನ 10–15 ಸೆಂ.ಮೀ. ಒಂದು ಗುಡ್ಡೆ, ಅದರಡಿಯ ಮಣ್ಣು ಇನ್ನೊಂದು. ಕಾರಣ ಏನೆಂದರೆ ಬೀಜಗಳ ಬಹುಪಾಲು ಮೇಲಿನ 5 ಸೆಂ.ಮೀ.ನಲ್ಲೇ ಇರುತ್ತವೆ. ಒಂದೇ ಬಾರಿಗೆ ಅರ್ಧ ಮೀಟರ್ ಕೆತ್ತಿದರೆ ಆ ಬೀಜ ಹತ್ತು ಪಾಲು ಮಣ್ಣಿನಲ್ಲಿ ಹೂತುಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಡಾರ್ಲಿಂಗ್ ಬೆಟ್ಟಗಳ ಬಾಕ್ಸೈಟ್ ಗಣಿಗಳಲ್ಲಿ ಹೀಗೆ ಎರಡು ಪದರ ಕೆತ್ತಿ, ಮೇಲಿನದನ್ನು ಸಾಧ್ಯವಾದಷ್ಟೂ ಕೂಡಿಡದೆ ನೇರವಾಗಿ ಸಿದ್ಧವಾದ ಹೊಂಡಕ್ಕೆ ಒಯ್ಯುತ್ತಾರೆ. ಅಲ್ಲಿನ ಕಾಡುಗಿಡಗಳು ಆ ಮಣ್ಣಿನಿಂದಲೇ ಏಳುತ್ತವೆ.

ನಮ್ಮಲ್ಲಿ ಕೂಡಿಡದೆ ವಿಧಿಯಿಲ್ಲದಿದ್ದರೆ ಗುಡ್ಡೆ 2 ಮೀಟರ್ ದಾಟದಿರಲಿ, ಅಗಲವಾಗಿರಲಿ. ಎತ್ತರದ ರಾಶಿಯ ಒಳಭಾಗಕ್ಕೆ ಗಾಳಿಯಿಲ್ಲ. ಎರೆಹುಳು, ಮೈಕೊರೈಜಾ ಎನ್ನುವ ಬೇರು ಶಿಲೀಂಧ್ರ, ಬೀಜ ಎಲ್ಲವೂ ಅಲ್ಲಿ ಸಾಯುತ್ತವೆ. ಒಂದು ವರ್ಷ ದಾಟಿದ ರಾಶಿಯನ್ನು ಬಗೆದಾಗ ಒಳಗೆ ಬೂದುಬಣ್ಣ, ಕೊಳೆತ ವಾಸನೆ ಕಂಡರೆ ಅದು ಹೆಸರಿಗಷ್ಟೇ ಮೇಲ್ಮಣ್ಣು. ಗುಡ್ಡೆ ಹಾಕಿದ ವಾರದೊಳಗೆ ಹುರುಳಿ, ಸೆಣಬು, ಸ್ಟೈಲೊ ಎನ್ನುವ ಮೇವಿನ ಗಿಡದ ಬೀಜ ಚೆಲ್ಲಿಬಿಡಿ. ಬೇರು ಇದ್ದರೆ ಶಿಲೀಂಧ್ರವೂ ಇರುತ್ತದೆ. ಹಾಗೇ ಬಿಟ್ಟರೆ ಹತ್ತುವುದು ಕಾಂಗ್ರೆಸ್ ಕಳೆ ಮತ್ತು ನಮ್ಮ ಜಿಲ್ಲೆಯ ಹೆಸರನ್ನು ಹೊತ್ತು ಊರೂರು ತಿರುಗುವ ಬಳ್ಳಾರಿ ಜಾಲಿ.

ಎಷ್ಟು ಮಣ್ಣು ಬೇಕು? ಒಂದು ಹೆಕ್ಟೇರಿಗೆ 30 ಸೆಂ.ಮೀ. ಅಂದರೆ 3,000 ಘನ ಮೀಟರ್. ಅಗೆದ ಮಣ್ಣು ಶೇ 20ರಷ್ಟು ಉಬ್ಬುವುದರಿಂದ ಟಿಪ್ಪರಿಗೆ ತುಂಬುವಾಗ 3,600. ಹತ್ತು ಘನ ಮೀಟರಿನ ಟಿಪ್ಪರಾದರೆ 360 ಟ್ರಿಪ್. ಟಿಪ್ಪರ್ ಎಣಿಸಿ 300ಕ್ಕೆ ನಿಲ್ಲಿಸಿದರೆ ಒಂದು ಮಳೆಗಾಲ ಕಳೆದು ಕೂತ ಮೇಲೆ ಉಳಿಯುವುದು 25 ಸೆಂ.ಮೀ. ಅಷ್ಟು ಮಣ್ಣು ಎಲ್ಲೂ ಇಲ್ಲ ಅನ್ನುವುದು ಹಳೆಯ ಗಣಿಗಳ ಪಾಡು. ಅವರ ಮೇಲ್ಮಣ್ಣು ದಶಕಗಳ ಹಿಂದೆಯೇ ಡಂಪಿನ ಹೊಟ್ಟೆ ಸೇರಿದೆ. ಆಗ ಎಲ್ಲ ಕಡೆ ತೆಳ್ಳಗೆ ಬಳಿಯುವುದಕ್ಕಿಂತ ಬೆಂಚಿನ ಸಮತಟ್ಟು ಭಾಗಕ್ಕೆ, ಗುಂಡಿಗಳಿಗೆ ಕೊಡಿ. ಎರಡೂವರೆ ಮೀಟರ್ ಅಂತರದಲ್ಲಿ ಹೆಕ್ಟೇರಿಗೆ 1,600 ಗುಂಡಿ. ಉದ್ದ, ಅಗಲ, ಆಳ ತಲಾ 60 ಸೆಂ.ಮೀ. ಆದರೆ ಒಟ್ಟು ಹಿಡಿಯುವುದು ಸುಮಾರು 345 ಘನ ಮೀಟರ್, ಅಂದರೆ ಹರಡುವುದರ ಒಂಬತ್ತನೇ ಒಂದು ಪಾಲು.

ಆದರೆ ಗುಂಡಿಯಲ್ಲೂ ಒಂದು ಮೋಸ ಇದೆ. ಬಿಗಿದ ಡಂಪಿನಲ್ಲಿ ಜೆಸಿಬಿ ಬಕೆಟ್ ಕೊರೆದ ಗುಂಡಿಯ ಗೋಡೆ ಸಿಮೆಂಟ್ ಗಾರೆ ಮಾಡಿದಂತೆ ಹೊಳೆಯುತ್ತಿರುತ್ತದೆ. ಒಳಗೆ ಮೆತ್ತನೆಯ ಮಣ್ಣು, ಸುತ್ತ ಗೋಡೆ. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಅದೇ ಬೇರು ಕುಂಡದೊಳಗಿನಂತೆ ಸುತ್ತಿಕೊಂಡಿರುತ್ತದೆ. ರಿಪ್ಪರ್ ಸೀಳಿದ ಸಾಲಿನ ಮೇಲೇ ಗುಂಡಿ ಹಾಕಿ. ಗೋಡೆಯನ್ನೂ ತಳವನ್ನೂ ಹಾರೆಯಿಂದ ಒರಟಾಗಿ ಕೆದಕಿ. ತುಂಬುವಾಗ ಅರ್ಧದಷ್ಟು ಡಂಪಿನದೇ ಸಣ್ಣ ಸರಕನ್ನು ಬೆರೆಸಿ, ಗುಂಡಿಗೆ 5 ಕೆ.ಜಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಕೊಡಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಮನೆ ಮಾಡುತ್ತದೆ.

ಹೂಳಿನ ಬಗ್ಗೆ ಎರಡು ಮಾತು. ಮಣ್ಣಿಲ್ಲದಿದ್ದರೆ ಕೆರೆ ಹೂಳು ತರೋಣ ಅನ್ನುವುದು ಒಳ್ಳೆಯ ಯೋಚನೆ, ಪರೀಕ್ಷಿಸಿದ ಮೇಲೆ. ಗಣಿಯ ಕೆಳಗಿನ ಕೆರೆಗಳಲ್ಲಿ ತುಂಬಿರುವುದು ಎಷ್ಟೋ ಸಲ ಗುಡ್ಡದಿಂದ ಕೊಚ್ಚಿಬಂದ ಅದಿರಿನ ಕೆಂಪು ಪುಡಿಯೇ. ಅದನ್ನು ದುಡ್ಡು ಕೊಟ್ಟು ಮತ್ತೆ ಗುಡ್ಡಕ್ಕೆ ಹೊತ್ತ ಹಾಗಾಗುತ್ತದೆ. ಎರೆ ಸೀಮೆಯ ಹೂಳಾದರೆ ಸವಳಿನ ಭಯ. ಒಣ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿಗೆ ಬಿಟ್ಟು ಅಲ್ಲಾಡಿಸದೆ ಒಂದು ದಿನ ನೋಡಿ. ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದು ಮರುದಿನವೂ ತಿಳಿಯಾಗದಿದ್ದರೆ ಸೋಡಿಯಂ ಹೆಚ್ಚಿದೆ ಅಂತ ಅರ್ಥ. ಆ ಮಣ್ಣು ಡಂಪಿನ ಮೇಲೆ ಹೊಪ್ಪಳೆ ಕಟ್ಟುತ್ತದೆ. ರಸಸಾರ (ಪಿಎಚ್) 8.5 ದಾಟಿದ್ದನ್ನು ತರಬೇಡಿ. ಒಳ್ಳೆಯ ಹೂಳನ್ನೂ ಬರಿದೇ ಹರಡಬೇಡಿ. ಒಂದು ಪಾಲು ಹೂಳು, ಎರಡು–ಮೂರು ಪಾಲು ಡಂಪಿನ ಸಣ್ಣ ಸರಕು ಬೆರೆಸಿ. ಜಿಗುಟು ಮಣ್ಣನ್ನು ಕಲ್ಲಿನ ಇಳಿಜಾರಿನ ಮೇಲೆ ಪದರವಾಗಿ ಹೊದಿಸಿದರೆ ನೀರು ಎರಡರ ಸಂದಿಯಲ್ಲಿ ನಿಂತು, ಸೆಪ್ಟೆಂಬರಿನ ದೊಡ್ಡ ಮಳೆಗೆ ಕಂಬಳಿ ಜಾರಿದಂತೆ ಇಡೀ ಪದರ ಜಾರುತ್ತದೆ. ಇನ್ನು ಹೊಲದ ಮೇಲ್ಮಣ್ಣನ್ನು ಕೊಂಡು ತರುವುದು ಒಂದು ಗಾಯ ಮುಚ್ಚಲು ಇನ್ನೊಂದು ಕಡೆ ಚರ್ಮ ಸುಲಿದ ಹಾಗೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಇಳಿಜಾರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟಿಪ್ಪರ್ ಸುರಿದ ಡಂಪ್ ತಾನಾಗಿ ನಿಲ್ಲುವುದು ಸುಮಾರು 37 ಡಿಗ್ರಿಯಲ್ಲಿ. ಅದರ ಮೇಲೆ ಮಣ್ಣು ನಿಲ್ಲುವುದಿಲ್ಲ, ಯಾವ ಮಂತ್ರ ಹಾಕಿದರೂ. 28 ಡಿಗ್ರಿಗೆ ಇಳಿಸಬೇಕು. 10 ಮೀಟರ್ ಎತ್ತರದ ಬೆಂಚಿಗೆ 37 ಡಿಗ್ರಿಯಲ್ಲಿ 13 ಮೀಟರ್ ಅಗಲ ಸಾಕಾದರೆ, 28ರಲ್ಲಿ 19 ಮೀಟರ್ ಬೇಕು. ಆ ಆರು ಮೀಟರ್ ಜಾಗ ಗುತ್ತಿಗೆಯ ಗಡಿಯೊಳಗೆ ಇದೆಯೇ ಅಂತ ಡಂಪ್ ಹಾಕುವ ಮೊದಲೇ ನೋಡಿಕೊಳ್ಳಬೇಕು. ಬೆಂಚಿನ ತಟ್ಟು ಒಳಮುಖ ಬಾಗಿರಲಿ, ಮೇಲಿನ ನೀರು ಮುಖದ ಮೇಲೆ ಸುರಿಯದಿರಲಿ, ಬುಡದಲ್ಲಿ ತಡೆಗೋಡೆ ಇರಲಿ. ತೆಂಗಿನ ನಾರಿನ ಜಾಲ ಹಾಸುವುದಾದರೆ ಅದು ನೆಲಕ್ಕೆ ಅಂಟಿಕೊಂಡಿರಬೇಕು. ಕಲ್ಲಿನ ತುದಿಗಳ ಮೇಲೆ ಡೇರೆಯಂತೆ ನಿಂತರೆ ಕೆಳಗೆ ಮಣ್ಣು ಕೊಚ್ಚುತ್ತಲೇ ಇರುತ್ತದೆ, ಮೇಲಿಂದ ಏನೂ ಕಾಣುವುದಿಲ್ಲ.

ಮಣ್ಣಿನ ಗುಣ ನೋಡೋಣ. ಪ್ರಯೋಗಾಲಯದ ಚೀಟಿಯನ್ನು ಓದುವಾಗ ಒಂದು ಎಚ್ಚರ ಬೇಕು. ಅವರು ನಿಮ್ಮ ಮಾದರಿಯ ಕಲ್ಲನ್ನು ಜರಡಿಯಲ್ಲಿ ಎಸೆದು ಪುಡಿಯನ್ನಷ್ಟೇ ಪರೀಕ್ಷಿಸುತ್ತಾರೆ. ಚೀಟಿಯಲ್ಲಿ ‘ಮಧ್ಯಮ’ ಅಂತ ಬಂದ ಸಾರಜನಕ, ಅರ್ಧ ಕಲ್ಲಿರುವ ನೆಲದಲ್ಲಿ ಅರ್ಧವೇ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಾದರೆ ಕೊರತೆ ಅನ್ನುವುದು ವಾಡಿಕೆ. ಇಂಗಾಲ ಅಳೆಯುವ ಡೈಕ್ರೋಮೇಟ್ ವಿಧಾನದಲ್ಲಿ ಮ್ಯಾಂಗನೀಸ್ ಆಕ್ಸೈಡ್ ಹೆಚ್ಚಿದ್ದರೆ ಇಂಗಾಲ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಫೆರಸ್ ಕಬ್ಬಿಣ ಇದ್ದರೆ ಹೆಚ್ಚು. ಸಂಡೂರಿನಲ್ಲಿ ಮ್ಯಾಂಗನೀಸ್ ಗಣಿಗಳೂ ಇರುವುದರಿಂದ ಇದು ಬರೀ ಪುಸ್ತಕದ ಮಾತಲ್ಲ.

ರಂಜಕವನ್ನು ಕಬ್ಬಿಣದ ಆಕ್ಸೈಡ್ ಹಿಡಿದುಕೊಂಡು ಬಿಡುವುದಿಲ್ಲ. ಚೆಲ್ಲಿದರೆ ವ್ಯರ್ಥ. ಗುಂಡಿಯಲ್ಲಿ ತಿಪ್ಪೆ ಗೊಬ್ಬರದ ಜೊತೆ ಕಲಸಿ ಬೇರಿನ ಹತ್ತಿರ ಇಡಬೇಕು. ಸಾರಜನಕದ್ದು ಬೇರೆ ಕಥೆ. ನೆಲ ತನ್ನ ಕಾಲ ಮೇಲೆ ನಿಲ್ಲಬೇಕಾದರೆ ಹೆಕ್ಟೇರಿಗೆ ಸುಮಾರು 1,000 ಕೆ.ಜಿ. ಸಾರಜನಕ ಮಣ್ಣಿನಲ್ಲಿ ಕೂಡಿರಬೇಕು ಅನ್ನುವುದು ಪಾಳು ನೆಲಗಳ ಅಧ್ಯಯನಗಳಿಂದ ಬಂದ ಅಂದಾಜು. 10 ಟನ್ ತಿಪ್ಪೆ ಗೊಬ್ಬರದಿಂದ ಸಿಗುವುದು 50 ಕೆ.ಜಿ. ಮಾತ್ರ. ಯೂರಿಯಾ ಚೆಲ್ಲಿದರೆ ಕಳೆಯೇ ಮೊದಲು ಉಣ್ಣುತ್ತದೆ. ಉಳಿದ ದಾರಿ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ದ್ವಿದಳ ಗಿಡಗಳದ್ದು: ಮೊದಲ ಎರಡು ವರ್ಷ ಸೆಣಬು ಹೆಕ್ಟೇರಿಗೆ 25–30 ಕೆ.ಜಿ. ಬಿತ್ತಿ, ಹೂ ಬಿಡುವಾಗ ಕೊಯ್ದು ಅಲ್ಲೇ ಹಾಸಿ. ಬೆಂಚಿನ ಅಂಚಿಗೆ ಗ್ಲಿರಿಸಿಡಿಯಾ. ಮರಗಳಲ್ಲಿ ಕಗ್ಗಲಿ, ಹೊಂಗೆ, ಆಮೇಲೆ ಕಮರ, ದಿಂಡಿಗ, ಬೇವು. ಅಕೇಶಿಯಾ ಬೇಗ ಹಸಿರು ತೋರಿಸುತ್ತದೆ, ತಪಾಸಣೆಗೆ ಬಂದವರ ಕಣ್ಣಿಗೆ ಹಿತ. ಕೆಳಗೆ ಏನೂ ಬೆಳೆಯಗೊಡುವುದಿಲ್ಲ.

ಎಲ್ಲ ಗಣಿಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದಲ್ಲಿ ನೀರಿನ ಕೊರತೆಯ ಪ್ರಶ್ನೆಯೇ ಇಲ್ಲ. ಅಲ್ಲಿ ಮಳೆ ಕೊಚ್ಚಿಕೊಂಡು ಹೋಗುವುದೇ ಸಮಸ್ಯೆ, ಆಳಕ್ಕಿಂತ ಹೊದಿಕೆ ಮುಖ್ಯ. 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಇನ್ನೊಂದು ಬಗೆ. ಹಿಟ್ಟಿನಂತೆ ಅರೆದ ಕಲ್ಲು, ಬೇಸಿಗೆ ಗಾಳಿಗೆ ಊರ ಮೇಲೆ ಏಳುವ ಧೂಳು. ಅಂಥ ಸರಕಿನ ಮೇಲೆ ನೇರವಾಗಿ ಮಣ್ಣು ಹಾಕಿದರೆ ಬೇಸಿಗೆಯಲ್ಲಿ ಕೆಳಗಿನ ಲವಣ ಬತ್ತಿಯಲ್ಲಿ ಎಣ್ಣೆ ಏರಿದಂತೆ ಮೇಲೇರುತ್ತದೆ. ನಡುವೆ 30 ಸೆಂ.ಮೀ. ದಪ್ಪ ಜಲ್ಲಿಯ ಪದರ ಹಾಕಿ ಆ ಬತ್ತಿಯನ್ನು ಕತ್ತರಿಸಬೇಕು, ಆಮೇಲೆ ಮಣ್ಣು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಕೊಡುತ್ತಿದ್ದೇನೆ. ಕೇಳಿದವರು ಪಂಚಾಯಿತಿಯ ಸದಸ್ಯರು: ‘ಸರ್, ಗುತ್ತಿಗೆದಾರರು ಮಣ್ಣು ಹಾಕೀವಿ ಅಂತಾರ, ನಾವು ಹೆಂಗ ತಿಳ್ಕೋಬೇಕು?’

ಮೊದಲ ದೊಡ್ಡ ಮಳೆಯ ಮೂರನೇ ದಿನ ಹೋಗಿ. ಹೆಕ್ಟೇರಿಗೆ 20 ಕಡೆ ಸಲಾಕೆ ಚುಚ್ಚಿ. 15 ಕಡೆಯಾದರೂ 60 ಸೆಂ.ಮೀ. ಇಳಿಯಬೇಕು. ಜಾಗವನ್ನು ನೀವೇ ಆರಿಸಿ, ಅವರು ತೋರಿಸಿದಲ್ಲಿ ಬೇಡ. ಆಮೇಲೆ 30 ಸೆಂ.ಮೀ. ಅಡ್ಡಳತೆಯ ಪೈಪಿನ ತುಂಡೊಂದನ್ನು ಎರಡು ಬೆರಳು ಆಳಕ್ಕೆ ನೆಲಕ್ಕೆ ಹೊಡೆದು 7 ಲೀಟರ್ ನೀರು ಸುರಿಯಿರಿ. ಅದು 10 ಸೆಂ.ಮೀ. ನಿಲ್ಲುತ್ತದೆ. ಗಂಟೆ ಕಳೆದರೂ ಅರ್ಧ ಉಳಿದಿದ್ದರೆ ನೆಲ ಬಿಗಿದಿದೆ ಅಥವಾ ಹೊಪ್ಪಳೆ ಕಟ್ಟಿದೆ. ಕೊನೆಗೆ ಎರಡು ಕಡೆ ಮೀಟರ್ ಆಳದ ಗುಂಡಿ ತೋಡಿಸಿ, ಗೋಡೆಗೆ ಟೇಪು ಇಟ್ಟು, ಮೇಲ್ಮಣ್ಣಿನ ಬಣ್ಣ ಎಲ್ಲಿ ಮುಗಿಯುತ್ತದೆ, ಗಟ್ಟಿ ಪದರ ಎಲ್ಲಿ ಶುರುವಾಗುತ್ತದೆ ಎರಡನ್ನೂ ಫೋಟೊ ತೆಗೆದು ಬಿಲ್ಲಿನ ಜೊತೆ ಲಗತ್ತಿಸಿ. ಗುಂಡಿ ಮುಚ್ಚುವಾಗ ಮಾತ್ರ ಮೇಲೆ ನಿಂತು ತುಳಿಯಬೇಡಿ.